ಬಾಯಿಪಾಠದಿಂದ ಅರ್ಥದೆಡೆಗೆ: ರಾಯದುರ್ಗ–ಮಡಕಶಿರ ಸೀಮೆಯಲ್ಲಿ ಪದ್ಯಬೋಧನೆಯ ಚರಿತ್ರೆ

ರಾಯದುರ್ಗ–ಮಡಕಶಿರ ಎಂದು ಎರಡು ಹೆಸರುಗಳನ್ನು ಜೋಡಿಸಿ ಹೇಳುವುದು ಗಡಿನಾಡಿನ ಕನ್ನಡಿಗರಲ್ಲಿ ರೂಢಿಗೆ ಬಂದ ಮಾತು. ನೆಲದ ಮೇಲೆ ಇವೆರಡೂ ನೆರೆಯ ಸೀಮೆಗಳಲ್ಲ. ರಾಯದುರ್ಗವು ವೇದಾವತಿಯ ಪ್ರದೇಶದಲ್ಲಿ ಬಳ್ಳಾರಿಗೂ ಮೊಳಕಾಲ್ಮೂರಿಗೂ ಮುಖಮಾಡಿ ನಿಂತಿದೆ. ಮಡಕಶಿರವು ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಶಿರಾ, ಮಧುಗಿರಿ, ಪಾವಗಡಗಳ ನಡುವೆ ಚಾಚಿಕೊಂಡಿದೆ. ಒಂದರ ಮಾತಿಗೆ ಬಳ್ಳಾರಿಯ ಧಾಟಿ, ಇನ್ನೊಂದರ ಮಾತಿಗೆ ತುಮಕೂರಿನ ಧಾಟಿ. ಕನ್ನಡದ ಮಕ್ಕಳು ತೆಲುಗಿನ ರಾಜ್ಯದಲ್ಲಿದ್ದುಕೊಂಡು ತಾಯ್ನುಡಿಯನ್ನು ಕಲಿಯಬೇಕಾದ ಸ್ಥಿತಿಯೇ ಇವೆರಡನ್ನೂ ನಮ್ಮ ಮನಸ್ಸಿನಲ್ಲಿ ಒಂದುಗೂಡಿಸಿದೆ.

ಈ ಸೀಮೆಗಳ ರಾಜಕೀಯ ಚರಿತ್ರೆಯನ್ನು ವಿದ್ವಾಂಸರು ಅನೇಕ ಸಲ ಬರೆದಿದ್ದಾರೆ. ರಾಯದುರ್ಗಕ್ಕೆ ಬೆಟ್ಟದ ಕೋಟೆಯಿದೆ. ಮಡಕಶಿರ ಸೀಮೆಗೆ ನೊಳಂಬರ ರಾಜಧಾನಿಯಾದ ಹೆಂಜೇರು, ಎಂದರೆ ಈಗಿನ ಹೇಮಾವತಿ, ಇದೆ. ನೊಳಂಬರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ರಾಯದುರ್ಗದ ಮಗ್ಗುಲಲ್ಲಿರುವ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿ ಅದರಲ್ಲಿ ಕೆತ್ತಲ್ಪಟ್ಟಿದೆ. ಇಷ್ಟೆಲ್ಲ ಇದ್ದರೂ ಇಲ್ಲಿಯ ಸಾಮಾನ್ಯ ಶಾಲೆಯ ಚರಿತ್ರೆಯನ್ನು, ಅದರಲ್ಲಿಯೂ ಎಳೆಯ ಮಕ್ಕಳಿಗೆ ಪದ್ಯವನ್ನು ಹೇಗೆ ಕಲಿಸುತ್ತಿದ್ದರೆಂಬುದನ್ನು, ಬರೆದವರು ಕಡಿಮೆ. ಉಪಾಧ್ಯಾಯರಾದ ನಾವು ಈ ವಿಷಯವನ್ನು ಕೈಗೆತ್ತಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದೇ ಕೋಣೆಯಲ್ಲಿ ಮಕ್ಕಳನ್ನು ಬೇರೆ ಬೇರೆ ಗುಂಪುಗಳಾಗಿ ಕೂರಿಸಿ, ಒಂದೊಂದು ಗುಂಪಿಗೆ ಒಂದೊಂದು ಮೂಲೆ, ಒಂದೊಂದು ಕೆಲಸ ಗೊತ್ತುಮಾಡುವ ಕ್ರಮವನ್ನು ಈಗ ಹೊಸ ವಿಧಾನವೆಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ಇದು ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ಇಲ್ಲಿಯ ಶಾಲೆಗಳಲ್ಲಿ ಗುಂಪುಗಳಿದ್ದುವು, ಪದ್ಯವಂತೂ ಬೇಕಾದಷ್ಟಿತ್ತು. ಕೊರತೆಯಿದ್ದುದು ಅರ್ಥಕ್ಕೆ. ಆ ಕೊರತೆ ಏಕೆ ಉಂಟಾಯಿತು, ಈಗಲಾದರೂ ಅದು ತುಂಬುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

೧೮೨೩ರ ಒಂದು ವರದಿ

೧೮೦೦ರಲ್ಲಿ ನಿಜಾಮನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟ ಪ್ರದೇಶಕ್ಕೆ ದತ್ತ ಮಂಡಲವೆಂದು ಹೆಸರಾಯಿತು. ರಾಯದುರ್ಗ, ಮಡಕಶಿರಗಳೆರಡೂ ಅದರೊಳಗಿದ್ದುವು. ಅದರ ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ. ಆ ಪ್ರದೇಶವು ಮುಂದೆ ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾದಾಗ ನಮ್ಮ ಎರಡೂ ಸೀಮೆಗಳು ಬಳ್ಳಾರಿ ಜಿಲ್ಲೆಗೆ ಸೇರಿದುವು. ಅನಂತಪುರ ಜಿಲ್ಲೆ ಎಂಬುದು ಆಗ ಇರಲಿಲ್ಲ. ಅದು ಹುಟ್ಟಿದ್ದು ೧೮೮೨ರಲ್ಲಿ.

ಮನ್ರೋ ಮದರಾಸಿನ ಗವರ್ನರನಾದ ಮೇಲೆ ೧೮೨೨ರಲ್ಲಿ, ಪ್ರಾಂತದ ಎಲ್ಲ ಕಲೆಕ್ಟರರೂ ತಂತಮ್ಮ ಜಿಲ್ಲೆಗಳ ದೇಶೀಯ ಶಾಲೆಗಳ ಲೆಕ್ಕ ಕೊಡಬೇಕೆಂದು ಆಜ್ಞೆಮಾಡಿದನು. ಅನೇಕರು ಬರಿಯ ಅಂಕಿಗಳನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ ೧೮೨೩ರ ಆಗಸ್ಟಿನಲ್ಲಿ, ಶಾಲೆ ಹೇಗೆ ನಡೆಯುತ್ತದೆ, ಮಗು ಏನು ಕಲಿಯುತ್ತದೆ, ಯಾವುದರಿಂದ ಬರೆಯುತ್ತದೆ ಎಂಬುದನ್ನೆಲ್ಲ ವಿವರವಾಗಿ ಬರೆದು ಕಳುಹಿಸಿದನು. ಈ ವರದಿಯನ್ನು ಧರ್ಮಪಾಲರು ೧೯೮೩ರಲ್ಲಿ ತಮ್ಮ ಗ್ರಂಥದಲ್ಲಿ ಮತ್ತೆ ಅಚ್ಚುಮಾಡಿಸಿದ ಬಳಿಕ ಅದು ವಿದ್ವಾಂಸರ ಚರ್ಚೆಗೆ ಹೊಸದಾಗಿ ಬಂದಿತು. ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದಷ್ಟೇ ಅದರಲ್ಲಿರುವುದು ಎಂಬುದನ್ನು ಮರೆಯದೆ ಓದಿದರೆ, ಅದು ನಮ್ಮ ಪಾಲಿಗೆ ಬೆಲೆಯುಳ್ಳ ಸಾಮಗ್ರಿ.

ಕ್ಯಾಂಬೆಲ್ ಕೊಟ್ಟ ಲೆಕ್ಕದ ಪ್ರಕಾರ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಕನ್ನಡವೂ ತೆಲುಗೂ ಹೆಚ್ಚುಕಡಿಮೆ ಸಮತೂಕದಲ್ಲಿದ್ದುವೆಂಬುದು ಇಲ್ಲಿ ಮೊದಲು ಗಮನಿಸತಕ್ಕ ಸಂಗತಿ. ಎರಡನೆಯದಾಗಿ, ಒಂದು ಶಾಲೆಗೆ ಸರಾಸರಿ ಹನ್ನೆರಡು ಮಂದಿ ಮಕ್ಕಳು. ಎಂದರೆ ಆಗಿನ ಶಾಲೆಯೆಂದರೆ ಒಬ್ಬ ಅಯ್ಯನವರು, ಒಂದು ಜಗಲಿ, ಬೇರೆ ಬೇರೆ ವಯಸ್ಸಿನ ಹತ್ತು ಹನ್ನೆರಡು ಮಕ್ಕಳು. ಮೂರನೆಯ ಸಂಗತಿ ದುಃಖದ್ದು: ೬,೬೪೧ ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ ೬೦.

ಜಗಲಿಯ ನಾಲ್ಕು ಗುಂಪುಗಳು

ಮಗುವಿಗೆ ಐದು ವರ್ಷವಾದಾಗ ಅಕ್ಷರಾಭ್ಯಾಸ. ಅಯ್ಯನವರೂ ಶಾಲೆಯ ಮಕ್ಕಳೂ ಮನೆಗೆ ಬಂದು ಗಣಪತಿಯ ಮುಂದೆ ಸುತ್ತಲೂ ಕುಳಿತುಕೊಳ್ಳುವರು. ಮಗುವಿನ ಕೈಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುವರು. ಶಾಲೆ ಬೆಳಗಿನ ಆರು ಗಂಟೆಗೆ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುವರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚುತ್ತ ಹೋಗುತ್ತಿತ್ತು. ಕುಳಿತೇಳಿಸುವ ಶಿಕ್ಷೆ, ಎರಡು ಕೈಗಳನ್ನು ಕಟ್ಟಿ ಮೇಲಕ್ಕೆ ತೂಗಹಾಕುವ ಶಿಕ್ಷೆ ಮೊದಲಾದವನ್ನೂ ವರದಿ ಹೇಳುತ್ತದೆ. ಹಳೆಯದೆಲ್ಲ ಒಳ್ಳೆಯದೆಂದು ನಾವು ಭಾವಿಸಬೇಕಾದುದಿಲ್ಲ.

ಮಕ್ಕಳೆಲ್ಲ ಸೇರಿದ ಮೇಲೆ ಅವರನ್ನು ಸಂಖ್ಯೆಗೂ ಕಲಿಕೆಗೂ ತಕ್ಕಂತೆ ಗುಂಪುಗಳಾಗಿ ವಿಂಗಡಿಸುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ಗುಂಪುಗಳು. ಕೆಳಗಿನ ಗುಂಪುಗಳನ್ನು ಬಹುಮಟ್ಟಿಗೆ ಹಿರಿಯ ಹುಡುಗರು ನೋಡಿಕೊಳ್ಳುವರು. ಮೇಲಿನ ಗುಂಪುಗಳಿಗೆ ಅಯ್ಯನವರೇ ಪಾಠ ಹೇಳುತ್ತ, ಇಡೀ ಶಾಲೆಯ ಮೇಲೆ ಒಂದು ಕಣ್ಣಿಟ್ಟಿರುವರು. ವಯಸ್ಸಿಗೆ ತಕ್ಕಂತೆ ಅಲ್ಲ, ಕಲಿತಷ್ಟಕ್ಕೆ ತಕ್ಕಂತೆ ಮಗು ಒಂದು ಗುಂಪಿನಿಂದ ಇನ್ನೊಂದಕ್ಕೆ ಏರುತ್ತಿತ್ತು.

ಗುಂಪು ಬದಲಾದಂತೆ ಬರೆಯುವ ಸಾಮಗ್ರಿಯೂ ಬದಲಾಗುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಅದು ಹಿಡಿತಕ್ಕೆ ಬಂದ ಮೇಲೆ ಓಲೆಗರಿಯಾಗಲಿ, ಕಾಗದವಾಗಲಿ, ಹಲಗೆಯಾಗಲಿ, ಕಡತವಾಗಲಿ. ಈ ಜಿಲ್ಲೆಗಳಲ್ಲಿ ಕೊನೆಯ ಎರಡೇ ಹೆಚ್ಚು ಬಳಕೆಯಲ್ಲಿದ್ದುವೆಂದು ಕ್ಯಾಂಬೆಲ್ ಬರೆಯುತ್ತಾನೆ. ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಹಲಗೆಗೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಅದು ಸಿದ್ಧ. ಬಟ್ಟೆಯನ್ನು ಗಂಜಿಯಲ್ಲಿ ಬಿರುಸುಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟರೆ ಕಡತ. ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. ಹಲಗೆ, ಕಡತ, ಬಳಪ ಎಂಬ ನಮ್ಮ ಮಾತುಗಳೇ ಆ ಇಂಗ್ಲಿಷ್ ವರದಿಯಲ್ಲಿ ಕಾಗುಣಿತ ಕೆಟ್ಟ ರೂಪದಲ್ಲಿ ಕುಳಿತಿವೆ. ಖರ್ಚು ಅತ್ಯಲ್ಪ; ಆದರೆ ಪ್ರತಿಯೊಂದು ಮಗುವಿನ ಕೈಗೂ ಒಂದು ಕೆಲಸ.

ಮುಂದೆ ಹೋದ ಹುಡುಗನು ಹಿಂದಿರುವವನಿಗೆ ಕಲಿಸುತ್ತ ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದನು. ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆದನು. ಆತನ ಮನಸ್ಸಿನಲ್ಲಿದ್ದುದು ಆಂಡ್ರೂ ಬೆಲ್‌ನ ಪದ್ಧತಿ. ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ೧೭೮೯ರಿಂದ ನೋಡಿಕೊಂಡಿದ್ದ ಬೆಲ್, ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ಬಳಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದು ಆ ದೇಶದಲ್ಲಿ ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಯಿತು.

ಪದ್ಯವೇ ಪುಸ್ತಕ

ಈಗ ಪದ್ಯದ ವಿಚಾರಕ್ಕೆ ಬರೋಣ. ಕನ್ನಡ, ತೆಲುಗು ಶಾಲೆಗಳ ಪುಸ್ತಕಗಳೆಲ್ಲವೂ, ಧರ್ಮಗ್ರಂಥವಾಗಲಿ, ಮನೋರಂಜನೆಯ ಕಥೆಯಾಗಲಿ, ವ್ಯಾಕರಣವಾಗಲಿ, ಪದ್ಯದಲ್ಲಿಯೇ ಇದ್ದುವೆಂದು ಕ್ಯಾಂಬೆಲ್ ಹೇಳುತ್ತಾನೆ. ಎಲ್ಲ ಜಾತಿಯವರ ಮಕ್ಕಳೂ ರಾಮಾಯಣ, ಮಹಾಭಾರತ, ಭಾಗವತಗಳನ್ನು ಓದುತ್ತಿದ್ದರು. ಲಿಂಗವಂತರ ಮಕ್ಕಳು ಬಸವಪುರಾಣ, ಚೆನ್ನಬಸವೇಶ್ವರ ಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ ಮೊದಲಾದವನ್ನೂ, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣ ಮೊದಲಾದವನ್ನೂ ಹೆಚ್ಚಾಗಿ ಕಲಿಯುತ್ತಿದ್ದರು. ಕಥೆಗೆ ಪಂಚತಂತ್ರ, ಬೇತಾಳಪಂಚವಿಂಶತಿ. ನಿಘಂಟು ವ್ಯಾಕರಣಗಳಿಗೆ ಅಮರ, ಶಬ್ದಮಣಿದರ್ಪಣ, ತೆಲುಗಿನ ಆಂಧ್ರನಾಮಸಂಗ್ರಹ ಇತ್ಯಾದಿ.

ಈ ಪಟ್ಟಿಯನ್ನು ನಮ್ಮ ಗಡಿನಾಡಿನ ಕಣ್ಣಿನಿಂದ ನೋಡಿದರೆ ಒಂದು ವಿಶೇಷ ಹೊಳೆಯುತ್ತದೆ. ಭೀಮಕವಿಯು ೧೩೬೯ರಲ್ಲಿ ಷಟ್ಪದಿಯಲ್ಲಿ ರಚಿಸಿದ ಕನ್ನಡ ಬಸವಪುರಾಣಕ್ಕೆ ಮೂಲ ಪಾಲ್ಕುರಿಕೆ ಸೋಮನಾಥನ ತೆಲುಗು ದ್ವಿಪದಿಯ ಕಾವ್ಯ. ಕನ್ನಡದ ಬಸವಣ್ಣನವರ ಕಥೆ ತೆಲುಗಿನಲ್ಲಿ ಕಾವ್ಯವಾಗಿ, ಮತ್ತೆ ಕನ್ನಡಕ್ಕೆ ಮರಳಿ, ಬಳ್ಳಾರಿ ಸೀಮೆಯ ಜಗಲಿ ಶಾಲೆಗಳಲ್ಲಿ ಪಾಠವಾಯಿತು. ಎರಡು ಭಾಷೆಗಳ ಕಾವ್ಯ ಒಂದರ ಮನೆಗೆ ಇನ್ನೊಂದು ಬಂದುಹೋಗುತ್ತಿದ್ದ ಕಾಲವದು.

ಪದ್ಯವೇ ಏಕೆ? ಹಸ್ತಪ್ರತಿಗಳ ಬೆಲೆ ಹೆಚ್ಚು, ಉಪಾಧ್ಯಾಯರು ಬಡವರು ಎಂದು ಕ್ಯಾಂಬೆಲನೇ ಕಾರಣ ಸೂಚಿಸುತ್ತಾನೆ. ಸಿಕ್ಕ ಪ್ರತಿಗಳಲ್ಲಿಯೂ ಲಿಪಿಕಾರರ ತಪ್ಪುಗಳು ತುಂಬಿದ್ದುವು. ಪುಸ್ತಕವಿಲ್ಲದ ಶಾಲೆಗೆ ಹುಡುಗನ ನೆನಪೇ ಪುಸ್ತಕಭಂಡಾರ. ಗದ್ಯ ನೆನಪಿನಲ್ಲಿ ನಿಲ್ಲುವುದಿಲ್ಲ. ಷಟ್ಪದಿಯ ಮಾತ್ರೆಯ ಕಟ್ಟು, ಕಂದದ ಪ್ರಾಸ ಇವು ಮಾತನ್ನು ಹಿಡಿದು ನಿಲ್ಲಿಸುತ್ತವೆ. ಒಂದು ಅಕ್ಷರ ತಪ್ಪಿದರೆ ತಾಳವೇ ತಪ್ಪಿ, ತಪ್ಪು ತಾನಾಗಿ ಗೊತ್ತಾಗುತ್ತದೆ. ಉಚ್ಚಾರಣೆಯ ಸ್ಪಷ್ಟತೆ, ಯಾವ ಬರಹವನ್ನಾದರೂ ತಡೆಯಿಲ್ಲದೆ ಓದುವ ಶಕ್ತಿ, ಇವೇ ಪದ್ಯಪಾಠದ ಮುಖ್ಯ ಉದ್ದೇಶಗಳಾಗಿದ್ದುವೆಂದು ವರದಿ ತಿಳಿಸುತ್ತದೆ. ಆ ಉದ್ದೇಶ ಸಾಧಿಸುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಅರ್ಥಕ್ಕೆ ಕಟ್ಟಿದ ಬೆಲೆ

ಆದರೆ ಇದೇ ಕ್ಯಾಂಬೆಲ್, ಗುಂಪುಗಳ ಕ್ರಮವನ್ನು ಹೊಗಳಿದಷ್ಟೇ ನಿಚ್ಚಳವಾಗಿ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಮಕ್ಕಳು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸುತ್ತಾರೆ. ಅವುಗಳ ಅರ್ಥ ಮಾತ್ರ ಕಲಿಸಿದ ಗಿಳಿಗೆ ತಿಳಿದಷ್ಟೇ ಅವರಿಗೆ ತಿಳಿದಿರುತ್ತದೆ. ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಅರ್ಥ ಬಲ್ಲ ಉಪಾಧ್ಯಾಯರೇ ಕೆಲವರು. ತಿಳಿಯಲು ಯತ್ನಿಸುವ ವಿದ್ಯಾರ್ಥಿಗಳು ಇನ್ನೂ ಕೆಲವರು. ಕನ್ನಡ ತೆಲುಗುಗಳ ಲಿಪಿ ಒಂದೇ ಬಗೆಯದಾದುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದುವನು, ಆದರೆ ಅರ್ಥ ಅರಿಯನು ಎಂದೂ ಸೇರಿಸಿದ್ದಾನೆ.

ಇದನ್ನು ಪರಕೀಯನ ತಾತ್ಸಾರವೆಂದು ತಳ್ಳಿಹಾಕಲು ಮನಸ್ಸಾಗಬಹುದು. ಆದರೆ ಆತನು ಕೊಟ್ಟ ಕಾರಣವನ್ನು ನೋಡಬೇಕು. ಆಗ ಉಪಾಧ್ಯಾಯನಿಗೆ ಸರಕಾರದ ಸಂಬಳವಿಲ್ಲ. ಮಕ್ಕಳು ಕೊಡುವ ಕಾಣಿಕೆಯೇ ಜೀವನಾಧಾರ. ಮರಳಿನಲ್ಲಿ ಬರೆಯುವ ಮಗು ಕೊಡಬೇಕಾದದ್ದು ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ, ಲೆಕ್ಕ ಕಲಿಯುವ ಹಂತಕ್ಕೆ ಅರ್ಧ ರೂಪಾಯಿ. ಅದಕ್ಕೂ ಮುಂದೆ ಹೋಗಿ ಪದ್ಯದ ಪುಸ್ತಕಗಳನ್ನು ವಿವರಿಸಬೇಕು, ಸಂಸ್ಕೃತ ಶಬ್ದಗಳ ಅರ್ಥ ಹೇಳಬೇಕು, ದೇಶಭಾಷೆಯ ವ್ಯಾಕರಣ ತಿಳಿಸಬೇಕು ಎಂದರೆ, ಬಹುಪಾಲು ತಂದೆತಾಯಿಗಳ ಶಕ್ತಿಗೆ ಮೀರಿದಷ್ಟು ಹಣ ಬೇಕಾಗುತ್ತಿತ್ತು. ಆದುದರಿಂದ ಮಕ್ಕಳು ಅರ್ಧ ಕಲಿತು ಶಾಲೆ ಬಿಡುತ್ತಿದ್ದರು.

ಆಗ ಅಕ್ಷರಕ್ಕೂ ಬಾಯಿಪಾಠಕ್ಕೂ ಕಡಿಮೆ ಬೆಲೆ. ಅರ್ಥಕ್ಕೆ ಹೆಚ್ಚು ಬೆಲೆ. ಮಗು ಗಿಳಿಯಂತಾದುದು ಅದರ ಬುದ್ಧಿಯ ದೋಷದಿಂದಲ್ಲ, ಉಪಾಧ್ಯಾಯನ ಸೋಮಾರಿತನದಿಂದಲೂ ಅಲ್ಲ. ಅರ್ಥವೆಂಬುದು ಉಳ್ಳವರ ಸೊತ್ತಾಗಿತ್ತು. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಗಳಿಕೆ ಕುಗ್ಗಿತೆಂದೂ, ಅನೇಕ ಊರುಗಳಲ್ಲಿ ಹಿಂದೆ ಇದ್ದ ಶಾಲೆಗಳು ನಿಂತುಹೋದುವೆಂದೂ ಅದೇ ವರದಿ ಒಪ್ಪಿಕೊಳ್ಳುತ್ತದೆ. ನೇಯ್ಗೆಗೆ ಹೆಸರಾದ ರಾಯದುರ್ಗದಂಥ ಊರಿಗೆ ಈ ಮಾತು ಎಷ್ಟು ನಾಟಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಮುಂದೆ ಅಚ್ಚಿನ ಪುಸ್ತಕ ಬಂದಿತು. ಸರಕಾರದ ಅನುದಾನ ಬಂದಿತು. ನೆನಪನ್ನೇ ಭಂಡಾರ ಮಾಡಿಕೊಳ್ಳುವ ಅಗತ್ಯ ಕಳೆಯಿತು. ಆದರೂ ಬಾಯಿಪಾಠದ ಅಭ್ಯಾಸ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದಲ್ಲಿ ಪರೀಕ್ಷೆಯ ಫಲವನ್ನು ನೋಡಿ ಶಾಲೆಗಳಿಗೆ ಹಣ ಕೊಡುವ ಪದ್ಧತಿ ನಡೆದಾಗ, ಸುಲಭವಾಗಿ ಅಳೆಯಬಹುದಾದುದಕ್ಕೇ ಬೆಲೆ ಬರುವುದು ಸಹಜವಾಗಿತ್ತು. ಪದ್ಯ ಒಪ್ಪಿಸುವುದನ್ನು ಅಳೆಯಬಹುದು. ಅದು ಮಗುವಿನ ಮನಸ್ಸಿಗೆ ಇಳಿದುದನ್ನು ಅಳೆಯುವುದು ಕಷ್ಟ.

ಎಳೆಯರಿಗಾಗಿಯೇ, ಅವರ ಮಾತಿನಲ್ಲಿಯೇ ಪದ್ಯ ಬರೆಯಬೇಕೆಂಬ ಪ್ರಜ್ಞೆ ನಮ್ಮಲ್ಲಿ ಬಲಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಮದರಾಸು ಪ್ರಾಂತಕ್ಕೇ ಸೇರಿದ್ದ ದಕ್ಷಿಣ ಕನ್ನಡದ ಉಪಾಧ್ಯಾಯ, ‘ಕವಿಶಿಷ್ಯ’ ಪಂಜೆ ಮಂಗೇಶರಾಯರು ಇದಕ್ಕೆ ಅಗ್ರಗಣ್ಯರು. ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಹುಟ್ಟಲು ಅವರು ಕಾರಣರಾದರು. ಅವರ ಬಳಿಕ ಜಿ. ಪಿ. ರಾಜರತ್ನಂ, ಹೊಯಿಸಳ ಮುಂತಾದವರು ಆ ದಾರಿಯನ್ನು ಅಗಲ ಮಾಡಿದರು. ಅರ್ಥ ಹೇಳಿಸಿಕೊಳ್ಳಲು ಪ್ರತ್ಯೇಕ ಕಾಣಿಕೆ ಬೇಕಿಲ್ಲದ ಪದ್ಯ ಮಗುವಿನ ಕೈಗೆ ಬಂದುದು ಆಗ.

ಬೀಸುವ ಕಲ್ಲಿನ ಶಾಲೆ

ಕ್ಯಾಂಬೆಲನ ಲೆಕ್ಕಕ್ಕೆ ಸಿಗದ ಇನ್ನೊಂದು ಪದ್ಯಶಾಲೆ ನಮ್ಮ ಹಳ್ಳಿಗಳಲ್ಲಿತ್ತು. ಶಾಲೆಗೆ ಬಂದ ಹೆಣ್ಣುಮಕ್ಕಳು ಅರುವತ್ತು; ಉಳಿದವರು ಪದ್ಯವನ್ನೇ ಅರಿಯದವರಲ್ಲ. ಬೀಸುವ ಕಲ್ಲಿನ ಮುಂದೆ, ಒನಕೆಯ ಮುಂದೆ, ತೊಟ್ಟಿಲ ಬಳಿ ಅವರು ಹಾಡು ಕಲಿತರು. ಕನ್ನಡದ ಬೀಸುವ ಪದಗಳ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ೭೦೦ರ ಹೊತ್ತಿಗೇ, ಈ ಛಂದಸ್ಸು ಕಾಣಿಸಿಕೊಂಡಿದೆ. ಮೂರೇ ಸಾಲು, ಹಾಡುವಾಗ ಎರಡನೆಯ ಸಾಲಿನ ಭಾಗ ಮರಳಿ ಬರುತ್ತದೆ. ಒಬ್ಬಳು ಹಾಡಿದರೆ ಇನ್ನೊಬ್ಬಳು ಎತ್ತಿಕೊಳ್ಳುವಳು. ಮಡಿಲಲ್ಲಿ ಕುಳಿತ ಮಗು ಕೇಳುತ್ತಿರುವುದು.

ಇಲ್ಲಿಯೂ ಬಾಯಿಪಾಠವೇ; ಆದರೆ ಗಿಳಿಪಾಠವಲ್ಲ. ತವರು, ಮಳೆ, ಬೆಳೆ, ಅಣ್ಣತಮ್ಮಂದಿರು, ಹಸುಗೂಸು, ಇವೇ ವಸ್ತು. ಮಾತು ಮನೆಯ ಮಾತು. ಹೀಗೆ ಒಂದೇ ಊರಿನಲ್ಲಿ ಅರ್ಥವಿಲ್ಲದ ಪದ್ಯ ಜಗಲಿಯ ಮೇಲೆ, ಅರ್ಥವುಳ್ಳ ಪದ್ಯ ಒಳಮನೆಯಲ್ಲಿ ನಡೆದುವು. ನಡುವೆ ಇದ್ದುದು ಒಂದು ಹೊಸ್ತಿಲು. ಆ ಹೊಸ್ತಿಲನ್ನು ದಾಟಿಸುವುದೇ ಎಳೆಯರ ಪದ್ಯಬೋಧನೆಯ ಮೊದಲ ಹೆಜ್ಜೆ ಎಂದು ನಮ್ಮ ಅಭಿಪ್ರಾಯ. ಉತ್ತಂಗಿ ಚೆನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ ತ್ರಿಪದಿಯು ವಿದ್ವಾಂಸರ ಗಮನಕ್ಕೂ ಶಾಲೆಯ ಗಮನಕ್ಕೂ ಹೆಚ್ಚಾಗಿ ಬಂದಿತು.

ಗಡಿಗೆರೆಗಳ ನಡುವೆ ಶಾಲೆ

೧೮೮೨ರಲ್ಲಿ ಅನಂತಪುರ ಜಿಲ್ಲೆಯಾದಾಗ ಮಡಕಶಿರ ಅದಕ್ಕೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲಿ ಉಳಿಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಹೋದುವು. ಅವುಗಳಲ್ಲಿ ರಾಯದುರ್ಗವನ್ನು ಅನಂತಪುರಕ್ಕೆ ಸೇರಿಸಲಾಯಿತು. ಎಪ್ಪತ್ತೊಂದು ವರ್ಷಗಳ ಮೇಲೆ ನಮ್ಮ ಎರಡು ಸೀಮೆಗಳು ಮತ್ತೆ ಒಂದೇ ಜಿಲ್ಲೆಯಲ್ಲಿ ಕೂಡಿದುವು. ೨೦೨೨ರ ಏಪ್ರಿಲ್ ೪ರಂದು ಶ್ರೀ ಸತ್ಯಸಾಯಿ ಜಿಲ್ಲೆ ಆದಾಗ ಮಡಕಶಿರ ಅದಕ್ಕೆ ಹೋಗಿ, ಅವು ಪುನಃ ಬೇರೆಯಾದುವು. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ಮನೆಯ ಮಾತು ಗೆರೆಯನ್ನು ನೋಡಿ ಬದಲಾಗುವುದಿಲ್ಲ.

ಗಡಿಯ ಮಕ್ಕಳ ತಾಯ್ನುಡಿಯ ಶಿಕ್ಷಣಕ್ಕೆ ಆಧಾರವಾಗಿ ಎರಡು ನಿರ್ಣಯಗಳನ್ನು ಪ್ರತಿಯೊಬ್ಬ ಉಪಾಧ್ಯಾಯನೂ ನೆನಪಿಡಬೇಕು. ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ ೪೦ ಮಂದಿ ಅಥವಾ ಒಂದು ತರಗತಿಯಲ್ಲಿ ೧೦ ಮಂದಿ ಮಕ್ಕಳ ತಾಯ್ನುಡಿ ಬೇರೆಯಾಗಿದ್ದರೆ ಅವರಿಗಾಗಿ ಉಪಾಧ್ಯಾಯನನ್ನು ನೇಮಿಸಬೇಕೆಂದು ಗೊತ್ತುಮಾಡಿತು. ೧೯೫೬ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ೩೫೦-ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸಾಕಷ್ಟು ಅನುಕೂಲ ಕಲ್ಪಿಸಲು ಯತ್ನಿಸುವುದು ರಾಜ್ಯಗಳ ಕರ್ತವ್ಯವಾಯಿತು.

ಇಲ್ಲಿಯ ಅಂಕಿಯನ್ನು ನೋಡಿ: ತರಗತಿಗೆ ಹತ್ತು ಮಂದಿ. ೧೮೨೩ರಲ್ಲಿ ಶಾಲೆಗೆ ಹನ್ನೆರಡು ಮಂದಿ. ಗಡಿಯ ಕನ್ನಡ ಶಾಲೆಯೆಂದರೆ ಚಿಕ್ಕ ಶಾಲೆ; ಒಬ್ಬ ಉಪಾಧ್ಯಾಯ ಹಲವು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾದ ಶಾಲೆ. ಡಿ. ಹೀರೇಹಾಳು, ಬೊಮ್ಮನಹಾಳುಗಳ ಕಡೆಯಾಗಲಿ, ಅಮರಾಪುರ, ಅಗಳಿ, ರೊಳ್ಳಗಳ ಕಡೆಯಾಗಲಿ ಕನ್ನಡ ಕಲಿಸುವ ಉಪಾಧ್ಯಾಯ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಶಾಲೆಗೆ ಗುಂಪುಗಳಾಗಿ ಕಲಿಸುವುದು ಒಂದು ಪ್ರಯೋಗ. ನಮ್ಮ ಶಾಲೆಗೆ ಅದೇ ಉಳಿದಿರುವ ದಾರಿ.

ಈ ದಾರಿಯನ್ನು ನಮ್ಮ ಕಾಲದಲ್ಲಿ ಮತ್ತೆ ಹಸನು ಮಾಡಿದವರು ದೂರದವರಲ್ಲ. ಇದೇ ರಾಯಲಸೀಮೆಯ ಮದನಪಲ್ಲಿಯ ಬಳಿಯ ಋಷಿ ಕಣಿವೆಯ ಗ್ರಾಮೀಣ ಶಿಕ್ಷಣ ಕೇಂದ್ರದವರು, ಒಬ್ಬನೇ ಉಪಾಧ್ಯಾಯನಿರುವ ಸುತ್ತಲಿನ ಹಳ್ಳಿಶಾಲೆಗಳಿಗಾಗಿ ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಮಕ್ಕಳು ಗುಂಪುಗಳಲ್ಲಿ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ಕ್ರಮವನ್ನು ರೂಪಿಸಿದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅದನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ೧೯೯೫ರಲ್ಲಿ ‘ನಲಿ-ಕಲಿ’ಯನ್ನು ಆರಂಭಿಸಿದರು. ೨೦೦೯-೧೦ರಲ್ಲಿ ಅದು ಕರ್ನಾಟಕದ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಅದರಲ್ಲಿ ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮತ್ತೆ ಕೆಲವಕ್ಕೆ ಜೊತೆಯ ಮಕ್ಕಳ ಬೆಂಬಲ, ಕೊನೆಯದಕ್ಕೆ ಸ್ವಂತ ಕಲಿಕೆ. ತೆಲುಗಿನ ಹಳ್ಳಿಶಾಲೆಯಿಂದ ಕನ್ನಡದ ಹಳ್ಳಿಶಾಲೆಗೆ ಬಂದ ಈ ಕ್ರಮ, ಹಿಂದೆ ಬಸವಪುರಾಣ ನಡೆದ ದಾರಿಯಲ್ಲಿಯೇ ನಡೆದು ಬಂದಂತಿದೆ.

ಪದ್ಯಕ್ಕೆ ನಾಲ್ಕು ಮೂಲೆಗಳು

ಹಳೆಯ ಜಗಲಿಯ ನಾಲ್ಕು ಗುಂಪುಗಳನ್ನೇ ಇಂದಿನ ಪದ್ಯಪಾಠಕ್ಕೆ ಹೇಗೆ ಒಗ್ಗಿಸಿಕೊಳ್ಳಬಹುದೆಂಬುದನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಒಂದು ವಾರಕ್ಕೆ ಒಂದೇ ತ್ರಿಪದಿ ಸಾಕು.

ಮೊದಲನೆಯದು ಹಾಡುವ ಮೂಲೆ. ಹಿರಿಯ ಮಗುವೊಂದು ಹಾಡಿಕೊಡಲಿ. ಕಿರಿಯರು ಕೈತಾಳದೊಡನೆ ಎತ್ತಿಕೊಳ್ಳಲಿ. ಬಾಯಿಪಾಠವನ್ನು ನಾವು ಬಿಡಬೇಕಾಗಿಲ್ಲ. ಬಾಯಿಗೆ ಬಂದ ಪದ್ಯ ಆಯುಷ್ಯವೆಲ್ಲ ಜೊತೆಗಿರುತ್ತದೆ. ಎರಡನೆಯದು ಬರೆಯುವ ಮೂಲೆ. ಒಂದು ತಟ್ಟೆ ಮರಳು, ನಾಲ್ಕು ಸ್ಲೇಟು ಇದ್ದರಾಯಿತು. ಪದ್ಯದ ಒಂದೊಂದು ಮಾತನ್ನು ಚೀಟಿಯಲ್ಲಿ ಬರೆದು ಕಲಸಿ ಕೊಟ್ಟರೆ, ಸಾಲನ್ನು ಮತ್ತೆ ಜೋಡಿಸುವಾಗ ತಾಳವೇ ಮಗುವಿಗೆ ದಾರಿ ತೋರುತ್ತದೆ.

ಮೂರನೆಯದು ಮಾತಿನ ಮೂಲೆ. ಇದು ಗಡಿನಾಡಿನ ಶಾಲೆಗೆ ಮಾತ್ರ ಲಭ್ಯವಾದ ಭಾಗ್ಯ. ಒಂದು ವಸ್ತುವಿಗೆ ಮನೆಯ ಮಾತು, ಬೀದಿಯ ತೆಲುಗು ಮಾತು, ಪುಸ್ತಕದ ಮಾತು, ಮೂರನ್ನೂ ಮಕ್ಕಳು ಪಟ್ಟಿಮಾಡಲಿ. ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು, ಹೊಗೆ–ಪೊಗ, ಹೂವು–ಪುವ್ವು ಎಂದು ಬರೆದಿಟ್ಟಾಗ ಕನ್ನಡದ ಹಕಾರದ ಎದುರು ತೆಲುಗಿನ ಪಕಾರ ಸಾಲಾಗಿ ನಿಲ್ಲುತ್ತದೆ. ನಮ್ಮ ಹಳಗನ್ನಡದಲ್ಲಿಯೂ ಪಾಲ್, ಪುಲಿ, ಪಾವು, ಪೊಗೆ, ಪೂ ಎಂದೇ ಇದ್ದುವಲ್ಲವೆ? ಬೆಂಗಳೂರಿನ ಮಗುವಿಗೆ ಅಪರಿಚಿತವಾದ ಹಳಗನ್ನಡದ ಬಾಗಿಲು ರಾಯದುರ್ಗದ ಮಗುವಿಗೆ ಅರ್ಧ ತೆರೆದೇ ಇದೆ. ದಕ್ಷಿಣದ ಭಾಷೆಗಳ ಈ ನಂಟನ್ನು ಎಲ್ಲಿಸನು ಮೊದಲು ಧಾತುಗಳ ಪಟ್ಟಿಯೊಡನೆ ತೋರಿಸಿದ್ದು ೧೮೧೬ರಲ್ಲಿ, ಇದೇ ಕ್ಯಾಂಬೆಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ. ಕಾಲ್ಡ್‌ವೆಲ್ಲನ ಗ್ರಂಥ ಬಂದುದು ಅದಕ್ಕಿಂತ ನಾಲ್ವತ್ತು ವರ್ಷಗಳ ಅನಂತರ. ಸರ್ವಜ್ಞನ ಒಂದು ತ್ರಿಪದಿಯ ಜೊತೆಗೆ ವೇಮನನ ಒಂದು ಪದ್ಯವನ್ನೂ ಇಟ್ಟು ನೋಡಬಹುದು. ಮೂರು ಸಾಲಿನದೂ ನಾಲ್ಕು ಸಾಲಿನದೂ ಕವಿಯ ಹೆಸರಿನಿಂದಲೇ ಮುಗಿಯುವುದನ್ನು ಮಕ್ಕಳೇ ಕಂಡುಹಿಡಿಯುವರು. ಓದಬಲ್ಲನು, ಅರ್ಥ ಅರಿಯನು ಎಂಬ ೧೮೨೩ರ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ನಾಲ್ಕನೆಯದು ಅರ್ಥದ ಮೂಲೆ. ಇಲ್ಲಿ ವ್ಯಾಖ್ಯಾನ ಬೇಡ, ಪ್ರಶ್ನೆ ಸಾಕು. ಈ ಪದ್ಯದಲ್ಲಿ ಮಾತನಾಡುವವರು ಯಾರು? ಯಾರಿಗೆ ಹೇಳುತ್ತಾರೆ? ನಿಮ್ಮ ಮನೆಯಲ್ಲಿ ಈ ಮಾತನ್ನು ಯಾರು ಆಡುತ್ತಾರೆ? ಅಜ್ಜಿ ಹಾಡುವ ಪದದಲ್ಲಿ ಇಂಥದು ಇದೆಯೆ, ಕೇಳಿಕೊಂಡು ಬನ್ನಿ. ಮಗು ತನ್ನ ಮಾತಿನಲ್ಲಿ ಉತ್ತರ ಹೇಳಲಿ. ಚಿತ್ರ ಬರೆದರೂ ಸರಿ.

ಉಪಾಧ್ಯಾಯನು ಎಲ್ಲಿ ಕುಳಿತಿರಬೇಕು ಎಂಬುದೇ ಇದರಲ್ಲಿ ಮುಖ್ಯವಾದ ಪ್ರಶ್ನೆ. ಹಳೆಯ ಜಗಲಿಯಲ್ಲಿ ಅಯ್ಯನವರು ಮೇಲಿನ ಗುಂಪಿನ ಬಳಿ ಕುಳಿತಿದ್ದರು. ಎಳೆಯರು ಹಿರಿಯ ಹುಡುಗರ ಪಾಲಾಗಿದ್ದರು. ಅರ್ಥ ಮೇಲೆಯೇ ಉಳಿಯಿತು. ಈಗ ಹಾಡನ್ನೂ ಬರಹವನ್ನೂ ಮಕ್ಕಳು ಪರಸ್ಪರ ಕಲಿಯಬಲ್ಲರು. ಅವನ್ನು ಅವರ ಕೈಗೆ ಬಿಟ್ಟು, ಉಪಾಧ್ಯಾಯನು ಅತಿ ಕಿರಿಯರ ಅರ್ಥದ ಮೂಲೆಯಲ್ಲಿ ಕುಳಿತುಕೊಳ್ಳಬೇಕು. ಗುಂಪುಗಳ ಕ್ರಮ ಹಳೆಯದೇ. ಉಪಾಧ್ಯಾಯನ ಜಾಗ ಮಾತ್ರ ಹೊಸದು.

ಇದು ಬರಿಯ ಬೋಧನಕ್ರಮದ ಮಾತಲ್ಲ. ಗಡಿಯ ಮಗುವಿಗೆ ಬದುಕಿನ ಅರ್ಥವೆಲ್ಲ ಬೇರೆ ಭಾಷೆಗಳಲ್ಲಿ ದೊರೆತು, ಕನ್ನಡ ಬರಿಯ ಒಪ್ಪಿಸುವ ಭಾಷೆಯಾಗಿ ಉಳಿದರೆ, ಕಾಯಿದೆಯೂ ಸಂವಿಧಾನದ ವಿಧಿಯೂ ಆ ಶಾಲೆಯನ್ನು ಬಹುಕಾಲ ಕಾಯಲಾರವು. ತಂದೆತಾಯಿಗಳು ಮಗುವನ್ನು ಬೇರೆಡೆಗೆ ಕರೆದೊಯ್ಯುವರು. ಅವರನ್ನು ದೂರುವಂತೆಯೂ ಇಲ್ಲ. ಕನ್ನಡದ ಪದ್ಯವೊಂದನ್ನು ಮನೆಗೆ ಹೊತ್ತು ತಂದ ಮಗು ಅದರ ಅರ್ಥವನ್ನು ಅಜ್ಜಿಗೆ ಹೇಳಿ, ಅಜ್ಜಿಯಿಂದ ಇನ್ನೊಂದನ್ನು ಕಲಿತು ಮರುದಿನ ಶಾಲೆಗೆ ತಂದರೆ, ಆ ಶಾಲೆಗೆ ಊರಿನಲ್ಲಿ ಬೇರು ಇಳಿದಂತೆ. ೧೮೨೩ರಲ್ಲಿ ಅರ್ಥಕ್ಕೆ ಬೆಲೆ ಕೊಡಲಾರದೆ ಶಾಲೆ ಬಿಟ್ಟ ಮಕ್ಕಳ ಸಾಲ ನಮ್ಮ ಮೇಲಿದೆ. ಈಗ ನಮಗೆ ಸಂಬಳವುಂಟು. ಅರ್ಥವನ್ನು ಕಾಣಿಕೆಯಿಲ್ಲದೆ ಹಂಚಬಹುದು. ಎರಡು ಸೀಮೆಗಳ ಉಪಾಧ್ಯಾಯ ಮಿತ್ರರು ತಂತಮ್ಮ ಊರಿನ ಬೀಸುವ ಪದಗಳನ್ನೂ, ಮೂರು ಬಗೆಯ ಮಾತುಗಳ ಪಟ್ಟಿಯನ್ನೂ ಮಕ್ಕಳಿಂದಲೇ ಸಂಗ್ರಹ ಮಾಡಿಸಿದರೆ, ಅದೇ ನಮ್ಮ ಶಾಲೆಗಳ ಮುಂದಿನ ಪದ್ಯಪುಸ್ತಕವಾಗುವುದೆಂದು ನಂಬಿದ್ದೇವೆ.